ನಾವು ಹೋದ ಮೇಲೂ ನಡೆಯಬೇಕಾದ ಸಾಫ್ಟ್‌ವೇರ್: ಮಲೆನಾಡಿನ ಆಸ್ಪತ್ರೆಯೊಂದರಲ್ಲಿ ಆರು ವರ್ಷ

ರೆಕಾರ್ಡ್ ರೂಮಿನ ಮೂಲೆಯಲ್ಲಿ ಒಂದು ಹಳೆಯ ಕಂಪ್ಯೂಟರ್ ಇತ್ತು. ಅದರ ನೆತ್ತಿಯ ಮೇಲೆ ಒಂದು ಚೀಟಿ. ಅಂಟಿಸಿದ ಸೆಲೋಟೇಪು ಹಳದಿಯಾಗಿ ಹೋಗಿತ್ತು. 'ದಯವಿಟ್ಟು ಇದನ್ನು ಆಫ್ ಮಾಡಬೇಡಿ' ಎಂದು ಬರೆದಿತ್ತು. ಯಾಕೆ ಅಂತ ಕೇಳಿದೆ. ಆಫ್ ಮಾಡಿದರೆ ಮತ್ತೆ ಆನ್ ಆಗುತ್ತೋ ಇಲ್ವೋ ಯಾರಿಗೂ ಗೊತ್ತಿಲ್ಲ ಅಂದರು.

ಅದು 2018ರ ಜೂನ್. ಶಿವಮೊಗ್ಗ ಜಿಲ್ಲೆಯಲ್ಲಿ, ಘಟ್ಟದ ಅಂಚಿನಲ್ಲಿ, ಟ್ರಸ್ಟ್ ಒಂದು ನಡೆಸುವ 60 ಹಾಸಿಗೆಯ ಆಸ್ಪತ್ರೆ. ಆ ಕಂಪ್ಯೂಟರಿನಲ್ಲಿ ವಿಂಡೋಸ್ ಎಕ್ಸ್‌ಪಿ ಇತ್ತು. ಅದರ ಮೇಲೆ ಫಾಕ್ಸ್‌ಪ್ರೋ ಎಂಬ ಹಳೆಯ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಯಾರೋ ಬರೆದುಕೊಟ್ಟ ನೋಂದಣಿ ಮತ್ತು ಬಿಲ್ಲಿನ ಪ್ರೋಗ್ರಾಂ. ಬರೆದವರು ಊರು ಬಿಟ್ಟು ವರ್ಷಗಳಾಗಿದ್ದವು. ಮೂಲ ಕೋಡ್ ಯಾರ ಹತ್ತಿರವೂ ಇರಲಿಲ್ಲ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ 2014ರ ಏಪ್ರಿಲ್‌ನಲ್ಲೇ ಬೆಂಬಲ ನಿಲ್ಲಿಸಿತ್ತು. ಫಾಕ್ಸ್‌ಪ್ರೋದ್ದು 2015ರ ಜನವರಿಗೆ ಮುಗಿದಿತ್ತು. ಆದರೂ ದಿನಕ್ಕೆ ಸುಮಾರು 200 ರೋಗಿಗಳ ಹೆಸರು ಅದರಲ್ಲೇ ಏರುತ್ತಿತ್ತು.

ನಾನು ಬೆಂಗಳೂರಿನಲ್ಲಿ ಹತ್ತು ವರ್ಷ ಸಾಫ್ಟ್‌ವೇರ್ ಕೆಲಸ ಮಾಡಿದವನು. ಇಬ್ಬರು ಗೆಳೆಯರ ಜೊತೆ ಅಲ್ಲಿಗೆ ಹೋದಾಗ ಮನಸ್ಸಿನಲ್ಲಿ ಇದ್ದದ್ದು ಒಂದೇ: ಇದೆಲ್ಲ ತೆಗೆದು, ಒಳ್ಳೆಯದೊಂದನ್ನು ನಾವೇ ಬರೆದುಕೊಡೋಣ. ಮೂರು ತಿಂಗಳು ಸಾಕು ಅಂದುಕೊಂಡಿದ್ದೆ.

ಅಲ್ಲಿನ ಹಿರಿಯ ಡಾಕ್ಟರು ನಮ್ಮ ಮಾತು ಪೂರ್ತಿ ಕೇಳಿದರು. ಆಮೇಲೆ ಆ ಕಂಪ್ಯೂಟರ್ ಕಡೆ ಕೈ ತೋರಿಸಿ, 'ಅದನ್ನು ಬರೆದ ಹುಡುಗನೂ ಜಾಣನೇ. ತುಂಬಾ ಪ್ರೀತಿಯಿಂದ ಮಾಡಿಕೊಟ್ಟ. ನೀವು ಹೋದ ಮೇಲೆ ಏನು ಮಾಡಲಿ?' ಎಂದು ಕೇಳಿದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಹಳೆಯ ಪ್ರೋಗ್ರಾಂನಲ್ಲಿ ಅಂಥ ದೋಷವೇನೂ ಇರಲಿಲ್ಲ, ವರ್ಷಗಟ್ಟಲೆ ದುಡಿದಿತ್ತು. ಅದರ ಗುಟ್ಟು ಒಬ್ಬನ ತಲೆಯಲ್ಲಿ ಮಾತ್ರ ಇತ್ತು, ಅಷ್ಟೇ. ನಾವು ಬರೆದರೂ ಗುಟ್ಟು ಮೂರು ತಲೆಯಲ್ಲಿ ಇರುತ್ತಿತ್ತು. ಮೂವರೂ ಬೆಂಗಳೂರಿನವರು.

ಹಾಗಾಗಿ ಮೊದಲ ಆರು ವಾರ ಒಂದು ಸಾಲು ಕೋಡ್ ಕೂಡ ಬರೆಯಲಿಲ್ಲ. ನೋಂದಣಿ ಕೌಂಟರಿನ ಹಿಂದೆ ಸ್ಟೂಲ್ ಹಾಕಿಕೊಂಡು ಸುಮ್ನೆ ಕೂತೆ. ಬೆಳಗ್ಗೆ ಎಂಟೂವರೆಗೆ ಮೊದಲ ಬಸ್ಸು ಬರುತ್ತದೆ. ಹತ್ತು ನಿಮಿಷದಲ್ಲಿ ಕೌಂಟರಿನ ಮುಂದೆ ನಲವತ್ತು ಜನ. ಒಬ್ಬರಿಗೆ ಒಂದು ನಿಮಿಷಕ್ಕಿಂತ ಜಾಸ್ತಿ ಹಿಡಿದರೆ ಸಾಲು ಹೊರಗಿನ ಮಳೆಗೆ ಹೋಗಿ ನಿಲ್ಲುತ್ತದೆ. ನಾನು ಬೆಂಗಳೂರಿನಲ್ಲಿ ಕೂತು ಯೋಚಿಸಿದ್ದ ನೋಂದಣಿ ಪುಟದಲ್ಲಿ 23 ಮಾಹಿತಿ ಕೇಳಿದ್ದೆ. ಕೊನೆಗೆ ಉಳಿಸಿಕೊಂಡದ್ದು ಏಳು.

ವಯಸ್ಸಿನ ವಿಷಯ ನೋಡಿ. ಹಳೆಯ ಪ್ರೋಗ್ರಾಂನಲ್ಲಿ ವಯಸ್ಸನ್ನು ಬರೀ ಅಂಕಿಯಾಗಿ ಇಟ್ಟಿದ್ದರು. 2009ರಲ್ಲಿ 45 ಅಂತ ಬರೆಸಿದವರು 2018ರಲ್ಲೂ 45. ಹಾಗಂತ ಹುಟ್ಟಿದ ದಿನಾಂಕ ಕಡ್ಡಾಯ ಮಾಡಿದರೆ ಎಲ್ಲರೂ ಜನವರಿ 1ಕ್ಕೆ ಹುಟ್ಟಿದವರಾಗುತ್ತಾರೆ. ಒಬ್ಬ ಅಜ್ಜಿ 'ಲಿಂಗನಮಕ್ಕಿ ಡ್ಯಾಮಿಗೆ ನೀರು ನಿಲ್ಲಿಸಿದಾಗ ನಾನು ಕಂಕುಳ ಕೂಸು' ಅಂದರು. ಕೌಂಟರಿನ ಹುಡುಗಿ ಕಣ್ಣು ಮಿಟುಕಿಸದೆ 1963 ಅಂತ ಹಾಕಿದಳು. ಡ್ಯಾಮ್ ಮುಗಿದದ್ದು 1964ರಲ್ಲಿ, ಲೆಕ್ಕ ಸರಿ. ಆ ಹುಡುಗಿಗೆ ಗೊತ್ತಿರುವ ಇಂಥ ಲೆಕ್ಕಕ್ಕೆ ಜಾಗ ಕೊಡುವ ಸಾಫ್ಟ್‌ವೇರ್ ಬೇಕಿತ್ತು.

ಹುಡುಕಿದಾಗ ಬಹಮ್ನಿ ಎಂಬ ಆಸ್ಪತ್ರೆಯ ಸಾಫ್ಟ್‌ವೇರ್ ಸಿಕ್ಕಿತು. ಛತ್ತೀಸಗಢದ ಬಿಲಾಸಪುರದ ಹತ್ತಿರ ಗನಿಯಾರಿ ಅಂತ ಒಂದು ಊರಿದೆ. ಏಮ್ಸ್‌ನಲ್ಲಿ ಓದಿದ ಕೆಲವು ಡಾಕ್ಟರುಗಳು ಕಟ್ಟಿದ ಜನ ಸ್ವಾಸ್ಥ್ಯ ಸಹಯೋಗ ಎಂಬ ಸಂಸ್ಥೆಯ ಆಸ್ಪತ್ರೆ ಅಲ್ಲಿದೆ. ಆ ಆಸ್ಪತ್ರೆಗೆಂದು ಥಾಟ್‌ವರ್ಕ್ಸ್ ಎಂಬ ಸಾಫ್ಟ್‌ವೇರ್ ಕಂಪನಿಯವರು ಮಾಡಿದ ಮುಕ್ತ ತಂತ್ರಾಂಶ ಇದು, ಮೂಲ ಕೋಡ್ ಎಲ್ಲರಿಗೂ ತೆರೆದಿದೆ. ಇದು ಪೂರ್ತಿ ಹೊಸದಾಗಿ ಬರೆದದ್ದಲ್ಲ. ರೋಗಿಯ ದಾಖಲೆಗೆ ಓಪನ್‌ಎಂಆರ್‌ಎಸ್, ಲ್ಯಾಬಿಗೆ ಓಪನ್‌ಎಲಿಸ್, ಬಿಲ್ಲು ಮತ್ತು ಔಷಧದ ದಾಸ್ತಾನಿಗೆ ಓಡೂ. ಮೊದಲೇ ಇದ್ದ ಮೂರನ್ನು ಒಂದೇ ಮುಖದ ಹಿಂದೆ ಹೊಲಿದಿದ್ದಾರೆ. ಓಪನ್‌ಎಂಆರ್‌ಎಸ್ 2004ರಲ್ಲಿ ಶುರುವಾದದ್ದು, ಕೀನ್ಯಾದಂಥ ದೇಶಗಳ ಆಸ್ಪತ್ರೆಗಳಲ್ಲಿ ಪಳಗಿದ್ದು. ವಯಸ್ಸು ಅಂದಾಜೋ ಖಚಿತವೋ ಅಂತ ಗುರುತು ಹಾಕಲು ಅದರಲ್ಲಿ ಮೊದಲಿಂದಲೂ ಜಾಗ ಇದೆ. ಅದನ್ನು ನೋಡಿದ ದಿನವೇ ನನಗೆ ಇದನ್ನು ಮಾಡಿದವರು ಕೌಂಟರಿನ ಹಿಂದೆ ಕೂತು ಬಂದವರು ಅನ್ನಿಸಿತು.

ಆದರೂ ಒಪ್ಪಿಕೊಳ್ಳಲು ಕಷ್ಟವಾಯಿತು. ಮೂರು ಸಾಫ್ಟ್‌ವೇರ್, ಮಾಹಿತಿ ಕೂಡಿಡಲು ಮೂರು ಡೇಟಾಬೇಸ್. ರೋಗಿಗಳ ದಾಖಲೆಗೆ ಮೈಸೀಕ್ವೆಲ್, ಉಳಿದೆರಡಕ್ಕೆ ಪೋಸ್ಟ್‌ಗ್ರೆಸ್. ಯಾಕಿಷ್ಟು ಗೋಜಲು ಅಂತ ಗೆಳೆಯರ ಹತ್ತಿರ ಗೊಣಗಿದ್ದೆ. ಒಂದು ವರ್ಷದ ನಂತರ ಅದೇ ಗೋಜಲು ನಮ್ಮನ್ನು ಉಳಿಸಿತು. ಅದನ್ನು ಆಮೇಲೆ ಹೇಳುತ್ತೇನೆ.

ಹಳೆಯ ದಾಖಲೆಗಳನ್ನು ತರುವ ಕೆಲಸ ನಾನು ಎಣಿಸಿದ್ದಕ್ಕಿಂತ ನಾಲ್ಕು ಪಟ್ಟು ಸಮಯ ತಿಂದಿತು. ಹೆಸರುಗಳೆಲ್ಲ ಹಳೆಯ ನುಡಿ ಫಾಂಟಿನಲ್ಲಿದ್ದವು. ಆ ಕಾಲದ ನುಡಿಯಲ್ಲಿ ಕನ್ನಡ ಅಕ್ಷರ ಕಾಣುವುದು ಪರದೆಯ ಮೇಲೆ ಮಾತ್ರ. ಒಳಗೆ ಇರುವುದು ರೋಮನ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಈಗ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್ ಎಂಬ ಅಕ್ಷರ ಸಂಕೇತಕ್ಕೆ ತಿರುಗಿಸುವಾಗ ಅರ್ಕಾವತ್ತು ಕೈಕೊಡುತ್ತದೆ. ನುಡಿಯಲ್ಲಿ ಅದು ಕಣ್ಣಿಗೆ ಕಾಣುವ ಹಾಗೆ ಅಕ್ಷರದ ನಂತರ ಬರುತ್ತದೆ. ಯೂನಿಕೋಡ್‌ನಲ್ಲಿ ಉಚ್ಚಾರದ ಹಾಗೆ ಮೊದಲೇ ಬರಬೇಕು. ನಮ್ಮ ಮೊದಲ ಪ್ರಯತ್ನದಲ್ಲಿ ಅರ್ಕಾವತ್ತುಗಳೆಲ್ಲ ಉದುರಿಹೋದವು. ಊರಿನ ಅಷ್ಟೂ ಪಾರ್ವತಿಯರು 'ಪಾವತಿ' ಆದರು. ಅದನ್ನು ಕಂಡುಹಿಡಿದದ್ದು ನಾವಲ್ಲ. ರೆಕಾರ್ಡ್ ವಿಭಾಗದ ಸಹಾಯಕಿ.

ಅವರ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಪಕ್ಕದ ಹಳ್ಳಿಯವರು, ಬಿ.ಕಾಂ. ಓದಿದವರು. ಕಂಪ್ಯೂಟರ್ ಅಂದರೆ ಅವರಿಗೆ ಟೈಪಿಂಗ್ ಮತ್ತು ಎಕ್ಸೆಲ್. ಆದರೆ ಯಾವ ಊರಿನಲ್ಲಿ ಯಾವ ಹೆಸರು ಜಾಸ್ತಿ, ಯಾರ ಫೈಲು ಎರಡು ಸಲ ಆಗಿದೆ, ಯಾವ ಡಾಕ್ಟರ ಕೈಬರಹ ಹೇಗೆ ಓದಬೇಕು, ಎಲ್ಲ ಅವರಿಗೆ ಬಾಯಿಪಾಠ. ಎರಡು ಸಲ ನೋಂದಣಿಯಾದ ರೋಗಿಗಳನ್ನು ನಮ್ಮ ಪ್ರೋಗ್ರಾಂ ಪಟ್ಟಿ ಮಾಡಿಕೊಟ್ಟಿತು. ಒಂದೇ ವ್ಯಕ್ತಿ ಹೌದೋ ಅಲ್ವೋ ಅಂತ ತೀರ್ಮಾನ ಮಾಡಿದ್ದು ಅವರು, ಒಂದೊಂದಾಗಿ, ಕಾಗದದ ಫೈಲು ತೆಗೆದು ನೋಡಿ.

ಅಕ್ಟೋಬರ್‌ನಲ್ಲಿ ಒಂದು ಕೌಂಟರು ಮಾತ್ರ ಶುರು ಮಾಡಿದೆವು. ಎಲ್ಲವನ್ನೂ ಒಂದೇ ದಿನ ಬದಲಾಯಿಸಿ ಅಂತ ಟ್ರಸ್ಟಿನವರೊಬ್ಬರು ಒತ್ತಾಯ ಮಾಡಿದ್ದರು. ಇಂಗ್ಲೆಂಡಿನಲ್ಲಿ 2002ರಲ್ಲಿ ದೇಶದ ಆಸ್ಪತ್ರೆಗಳಿಗೆಲ್ಲ ಒಂದೇ ದೊಡ್ಡ ಯೋಜನೆಯಲ್ಲಿ ಕಂಪ್ಯೂಟರ್ ದಾಖಲೆ ತರಲು ಹೊರಟು, ಸಾವಿರಾರು ಕೋಟಿ ಸುರಿದು, 2011ರಲ್ಲಿ ಕೈಬಿಟ್ಟ ಕಥೆ ಹೇಳಿದೆ. ಸುಮ್ಮನಾದರು. ನೋಂದಣಿ ಆದ ಮೇಲೆ ಲ್ಯಾಬು, ಆಮೇಲೆ ಔಷಧದ ಅಂಗಡಿ, ಕೊನೆಗೆ ವಾರ್ಡು.

ಯಂತ್ರಗಳ ವಿಷಯದಲ್ಲಿ ಮಲೆನಾಡೇ ನಮಗೆ ಪಾಠ ಹೇಳಿತು. ಮೊದಲು ಬಂದ ಒಂದು ಕೊಟೇಶನ್‌ನಲ್ಲಿ ರ‍್ಯಾಕ್ ಸರ್ವರ್, ಅದಕ್ಕೊಂದು ಎಸಿ ರೂಮು ಇತ್ತು. ಆಷಾಢದಲ್ಲಿ ಇಲ್ಲಿ ಎರಡು ದಿನ ಕರೆಂಟ್ ಇಲ್ಲದಿರುವುದು ಹೊಸದಲ್ಲ. ಎಸಿ ನಿಂತರೆ ಸರ್ವರೂ ನಿಲ್ಲಬೇಕು ಅನ್ನುವ ವ್ಯವಸ್ಥೆ ಇಲ್ಲಿ ಯಾರಿಗೆ ಬೇಕು? ಸರ್ವರ್ ಅಂದರೆ ಎಲ್ಲರ ದಾಖಲೆ ಇಟ್ಟುಕೊಳ್ಳುವ ಮುಖ್ಯ ಕಂಪ್ಯೂಟರ್ ಅಷ್ಟೇ. ಅದಕ್ಕೆ ನಾವು ಕೈಯಲ್ಲಿ ಹಿಡಿಯಬಹುದಾದ ಎರಡು ಪುಟ್ಟ ಕಂಪ್ಯೂಟರ್ ತಂದೆವು. ಎರಡೂ ಸೇರಿ 100 ವ್ಯಾಟ್ ದಾಟುತ್ತಿರಲಿಲ್ಲ. ಮನೆಯ ಇನ್ವರ್ಟರಿಗೆ ಹಾಕುವಂಥ 150 ಎಎಚ್‌ನ ಎರಡು ಬ್ಯಾಟರಿಯಲ್ಲಿ ಸರ್ವರು, ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಸ್ವಿಚ್ಚು, ನೋಂದಣಿಯ ಎರಡು ಪರದೆ ಒಂದು ರಾತ್ರಿ ಕಳೆಯುತ್ತಿದ್ದವು. ಈ ಬ್ಯಾಟರಿ ತಾಲೂಕಿನ ಅಂಗಡಿಯಲ್ಲೇ ಸಿಗುತ್ತದೆ, ಬೆಂಗಳೂರಿಗೆ ಫೋನ್ ಮಾಡಬೇಕಿಲ್ಲ. ವಾರ್ಡಿನ ಹಳೆಯ ಕಂಪ್ಯೂಟರುಗಳನ್ನು ಬಿಸಾಡಲಿಲ್ಲ. ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿ, ಬ್ರೌಸರ್ ಮಾತ್ರ ಓಡುವ ಹಾಗೆ ಮಾಡಿದೆವು. ಇಂಟರ್‌ನೆಟ್ ಹೋದರೂ ಆಸ್ಪತ್ರೆಯೊಳಗೆ ಎಲ್ಲ ನಡೆಯಬೇಕು ಅನ್ನುವುದು ಮೊದಲ ದಿನದ ಷರತ್ತು. ಎರಡು ಕಟ್ಟಡಗಳ ನಡುವೆ ಮೊದಲು ತಾಮ್ರದ ಕೇಬಲ್ ಎಳೆದಿದ್ದೆವು. ಏಪ್ರಿಲ್‌ನ ಒಂದು ಸಿಡಿಲಿಗೆ ಎರಡೂ ತುದಿಯ ಸ್ವಿಚ್ ಸುಟ್ಟವು. ಆಮೇಲೆ ಫೈಬರ್ ಹಾಕಿದೆವು. ಗಾಜಿನ ಎಳೆಯಲ್ಲಿ ಸಿಡಿಲಿನ ವಿದ್ಯುತ್ ಹರಿಯುವುದಿಲ್ಲ.

2019ರ ಜನವರಿಯಲ್ಲಿ ಮಂಗನ ಕಾಯಿಲೆ ಬಂತು. ಸಾಗರ ತಾಲೂಕಿನ ಅರಳಗೋಡು ಸುತ್ತ ಸಾವುಗಳಾದವು, ಇಡೀ ಜಿಲ್ಲೆ ಹೆದರಿತ್ತು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ರೋಗ, ನಮ್ಮ ಜಿಲ್ಲೆಯ ಹೆಸರಿಗೇ ಅಂಟಿಕೊಂಡ ರೋಗ. ಜ್ವರ ಅಂತ ಬಂದ ಪ್ರತಿಯೊಬ್ಬರನ್ನೂ ಡಾಕ್ಟರುಗಳು ಕೆಲವು ಪ್ರಶ್ನೆ ಕೇಳಬೇಕಿತ್ತು. ಕಾಡಿಗೆ ಹೋಗಿದ್ದಿರಾ? ತರಗೆಲೆ ತಂದಿದ್ದಿರಾ? ಹತ್ತಿರದಲ್ಲಿ ಮಂಗ ಸತ್ತಿತ್ತಾ? ಉಣುಗು ಕಚ್ಚಿತ್ತಾ? ಲಸಿಕೆ ಎಷ್ಟು ಡೋಸ್ ಆಗಿದೆ? ಜ್ವರ ಬಂದು ಎಷ್ಟನೇ ದಿನ? ರಕ್ತದ ಮಾದರಿ ಶಿವಮೊಗ್ಗಕ್ಕೆ ಹೋಯಿತಾ?

ಇದಕ್ಕೆ ಹೊಸ ಫಾರ್ಮ್ ಬೇಕು ಅಂತ ಡಾಕ್ಟರು ಕೇಳಿದಾಗ ನಾನು ಬೆಂಗಳೂರಿನಲ್ಲಿದ್ದೆ. ಶನಿವಾರ ಬರುತ್ತೇನೆ ಅಂದೆ. ಓಪನ್‌ಎಂಆರ್‌ಎಸ್‌ನಲ್ಲಿ ಪ್ರಶ್ನೆ ಮತ್ತು ಉತ್ತರಗಳೆಲ್ಲ ಕಾನ್ಸೆಪ್ಟ್ ಎಂಬ ಒಂದು ನಿಘಂಟಿನಲ್ಲಿ ಇರುತ್ತವೆ. ಹೊಸ ಫಾರ್ಮಿಗೆ ಕೋಡ್ ಬೇಡ, ಡೇಟಾಬೇಸ್ ಮುಟ್ಟುವುದೂ ಬೇಡ. ನಿಘಂಟಿಗೆ ಪದ ಸೇರಿಸಿ, ಜೋಡಿಸಿದರೆ ಆಯಿತು. ಡಿಸೆಂಬರ್‌ನಲ್ಲಿ ಇದನ್ನು ಆ ಸಹಾಯಕಿಗೆ ಎರಡು ದಿನ ಕೂತು ತೋರಿಸಿದ್ದೆ. ನಾನು ಶನಿವಾರ ಬರುವ ಹೊತ್ತಿಗೆ ಫಾರ್ಮ್ ಸಿದ್ಧವಾಗಿತ್ತು. ಅಷ್ಟೇ ಅಲ್ಲ, ಮೂರು ದಿನದಿಂದ ಬಳಕೆಯಲ್ಲಿತ್ತು. ಅವರು ನನಗೆ ತಿಳಿಯದ ಒಂದು ಪ್ರಶ್ನೆಯನ್ನೂ ಸೇರಿಸಿದ್ದರು: ಊರಿನ ಹೆಸರಿನ ಜೊತೆ ಮಜರೆಯ ಹೆಸರು. ಮಲೆನಾಡಿನಲ್ಲಿ ಒಂದು ಊರೆಂದರೆ ಐದಾರು ಕಿಲೋಮೀಟರಿನಲ್ಲಿ ಹರಡಿದ ಒಂಟಿ ಮನೆಗಳು. ಮಂಗ ಎಲ್ಲಿ ಸತ್ತಿದೆ ಅಂತ ಆರೋಗ್ಯ ಇಲಾಖೆಯವರು ಹುಡುಕಿಕೊಂಡು ಹೋಗಬೇಕಾದರೆ ಮಜರೆ ಗೊತ್ತಿರಲೇಬೇಕು. ಆ ಇಡೀ ವರ್ಷದಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟ ದಿನ ಅದು.

ಅದೇ ವರ್ಷ ಆಗಸ್ಟ್‌ನಲ್ಲಿ ಪೆಟ್ಟು ಬಿತ್ತು. ರಾಜ್ಯಕ್ಕೆಲ್ಲ ನೆರೆ ಬಂದ ಆಗಸ್ಟ್ ಅದು. ಕರೆಂಟ್ ಹೋಗಿ ಬಂದು ಹೋಗಿ ಬಂದು, ಒಂದು ಬೆಳಗ್ಗೆ ಮುಖ್ಯ ಸರ್ವರಿನ ಡಿಸ್ಕ್ ಸತ್ತಿತ್ತು. ಹೆದರಲಿಲ್ಲ. ಪ್ರತಿ ರಾತ್ರಿ ಬ್ಯಾಕಪ್ ಆಗುತ್ತಿತ್ತಲ್ವಾ? ಎರಡನೇ ಕಂಪ್ಯೂಟರಿನಲ್ಲಿ ದಿನಕ್ಕೊಂದರಂತೆ ಫೈಲುಗಳು ಸಾಲಾಗಿ ಇದ್ದವು. ಲ್ಯಾಬಿನದು ಸರಿ ಇತ್ತು, ಬಿಲ್ಲಿನದು ಸರಿ ಇತ್ತು. ರೋಗಿಗಳ ದಾಖಲೆಯ ಫೈಲು ತೆರೆದೆ. ಖಾಲಿ. ಹಿಂದಿನ ದಿನದ್ದೂ ಖಾಲಿ. ಅದರ ಹಿಂದಿನದ್ದೂ.

19 ದಿನದ ಹಿಂದೆ ಮೈಸೀಕ್ವೆಲ್‌ನ ಪಾಸ್‌ವರ್ಡ್ ಬದಲಾಯಿಸಿದ್ದೆ. ಬ್ಯಾಕಪ್ ಮಾಡುವ ಪುಟ್ಟ ಪ್ರೋಗ್ರಾಂ, ಅಂದರೆ ಸ್ಕ್ರಿಪ್ಟಿನಲ್ಲಿ ಬದಲಾಯಿಸುವುದು ಮರೆತಿದ್ದೆ. ಕೆಲಸ ವಿಫಲವಾದರೂ ಸ್ಕ್ರಿಪ್ಟ್ ಆ ದಿನಾಂಕದ ಹೆಸರಿನಲ್ಲಿ ಒಂದು ಫೈಲು ಹುಟ್ಟಿಸುತ್ತಿತ್ತು. ಫೈಲು ಇದೆಯಾ ಅಂತ ನಾವು ನೋಡುತ್ತಿದ್ದೆವು. ಅದರೊಳಗೆ ಏನಿದೆ ಅಂತ ಯಾರೂ ನೋಡಿರಲಿಲ್ಲ. ತಪ್ಪು ನನ್ನದು. ಆ ದಿನ ಡಾಕ್ಟರ ಮುಂದೆ ನಿಂತು ಹೇಳಿದ್ದು ಇವತ್ತಿಗೂ ನೆನಪಿದೆ. ಅವರು ಬೈಯಲಿಲ್ಲ. 'ಗರ್ಭಿಣಿಯರದ್ದು ಮೊದಲು ಹುಡುಕಿ' ಎಂದರು.

ಆಗ ಆ ಮೂರು ಡೇಟಾಬೇಸಿನ ಗೋಜಲು ಕೈಹಿಡಿಯಿತು. ಡಾಕ್ಟರು ಬರೆದ ಔಷಧ ಬಿಲ್ಲಿನ ಡೇಟಾಬೇಸಿಗೂ ಹೋಗಿರುತ್ತದೆ. ಲ್ಯಾಬಿನ ಫಲಿತಾಂಶ ಲ್ಯಾಬಿನ ಡೇಟಾಬೇಸಿನಲ್ಲೂ ಇರುತ್ತದೆ. ಈ ಎರಡರಿಂದ ಯಾರು ಯಾವತ್ತು ಬಂದರು, ಏನು ಔಷಧ ಕೊಟ್ಟರು, ರಕ್ತದಲ್ಲಿ ಏನು ಕಂಡಿತು, ಎಲ್ಲ ಮತ್ತೆ ಕಟ್ಟಿದೆವು. ವಾರ್ಡಿನವರದ್ದು ಕಾಗದದ ಕೇಸ್ ಶೀಟಿನಿಂದ ಸಿಕ್ಕಿತು. ಗರ್ಭಿಣಿಯರ ತೂಕ ಮತ್ತು ಬಿಪಿ ಮಾತ್ರ ಎಲ್ಲೂ ಇರಲಿಲ್ಲ. ಅದನ್ನು ಉಳಿಸಿದ್ದು ತಾಯಿ ಕಾರ್ಡ್. ಅವರು ಮುಂದಿನ ತಪಾಸಣೆಗೆ ಬಂದಾಗ ಕಾರ್ಡ್ ಇಸಿದುಕೊಂಡು ನರ್ಸುಗಳು ಒಂದೊಂದೇ ಅಂಕಿ ಮತ್ತೆ ಹಾಕಿದರು. ಎರಡು ತಿಂಗಳು ಹಿಡಿಯಿತು. ಹೊರರೋಗಿಗಳ ಕೆಲವು ಬಿಪಿ, ಕೆಲವು ಟಿಪ್ಪಣಿ ಸಿಗಲೇ ಇಲ್ಲ.

ಆಮೇಲೆ ಬಂದ ನಿಯಮ ಇದು. ಪ್ರತಿ ತಿಂಗಳ ಮೊದಲ ಶನಿವಾರ ಮಧ್ಯಾಹ್ನ ಮುಖ್ಯ ಸರ್ವರನ್ನು ಬೇಕಂತಲೇ ಆಫ್ ಮಾಡುವುದು. ಹಿಂದಿನ ರಾತ್ರಿಯ ಬ್ಯಾಕಪ್ಪಿನಿಂದ ಎರಡನೇ ಕಂಪ್ಯೂಟರನ್ನು ಎಬ್ಬಿಸುವುದು. ಹಿಂದಿನ ದಿನದ ಹತ್ತು ರೋಗಿಗಳನ್ನು ಆರಿಸಿ, ಪರದೆಯಲ್ಲಿರುವುದನ್ನು ಕಾಗದದ ಜೊತೆ ತಾಳೆ ನೋಡುವುದು. ಅಷ್ಟು ಹೊತ್ತು ಆಸ್ಪತ್ರೆ ಕಾಗದದಲ್ಲಿ ನಡೆಯುತ್ತದೆ. ಅದಕ್ಕೆಂದು ಪ್ರತಿ ಕೌಂಟರಿನಲ್ಲೂ ಒಂದು ಕೆಂಪು ಡಬ್ಬಿ: ಖಾಲಿ ಫಾರ್ಮು, ಕಾರ್ಬನ್, ಮೊದಲೇ ಅಚ್ಚಾದ ನೋಂದಣಿ ಸಂಖ್ಯೆಗಳು. ಈ ಕೆಲಸ ಮಾಡುವವರು ನಾವಲ್ಲ, ಆಸ್ಪತ್ರೆಯವರೇ. ನಾನು ಇದ್ದ ಶನಿವಾರವೂ ಕೈ ಕಟ್ಟಿಕೊಂಡು ನಿಲ್ಲುತ್ತಿದ್ದೆ. ಬ್ಯಾಕಪ್ಪಿನ ಇನ್ನೊಂದು ಪ್ರತಿ, ಬೀಗ ಹಾಕಿದ ಡಿಸ್ಕಿನಲ್ಲಿ, ವಾರಕ್ಕೊಮ್ಮೆ ಆಸ್ಪತ್ರೆಯ ಹೊರಗೆ ಹೋಗುತ್ತದೆ. ಅದರ ಪಾಸ್‌ವರ್ಡ್ ಮುಚ್ಚಿದ ಲಕೋಟೆಯಲ್ಲಿ ಟ್ರಸ್ಟಿನ ತಿಜೋರಿಯಲ್ಲಿದೆ.

2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಮೇಲೆ ಸೈಬರ್ ದಾಳಿಯಾಗಿ, ಅಷ್ಟು ದೊಡ್ಡ ಆಸ್ಪತ್ರೆ ಎರಡು ವಾರದಷ್ಟು ಕಾಲ ಕಾಗದಕ್ಕೆ ಮರಳಿದಾಗ, ನಮ್ಮ ಡಾಕ್ಟರು ಫೋನ್ ಮಾಡಿ ಕೇಳಿದ್ದು ಕೆಂಪು ಡಬ್ಬಿಯ ಬಗ್ಗೆ: ಎರಡು ವಾರಕ್ಕೆ ಆಗುವಷ್ಟು ಫಾರ್ಮ್ ಇದೆಯಾ? ಇರಲಿಲ್ಲ. ಮರುದಿನವೇ ಅಚ್ಚು ಹಾಕಿಸಿದರು.

ಹಣದ ಮಾತು ಆಡಲೇಬೇಕು. ಕಂಪ್ಯೂಟರ್ ಕೊಡಿಸಲು ದಾನಿಗಳು ಸಿಗುತ್ತಾರೆ, ಗೋಡೆಗೆ ಹೆಸರಿನ ಫಲಕವೂ ಬರುತ್ತದೆ. ಮೂರನೇ ವರ್ಷ ಬ್ಯಾಟರಿ ಬದಲಾಯಿಸಲು ಯಾರೂ ದಾನ ಕೊಡುವುದಿಲ್ಲ. ಎಷ್ಟೋ ಆಸ್ಪತ್ರೆಗಳ ಸಾಫ್ಟ್‌ವೇರ್ ಸಾಯುವುದು ಇಂಥ ಸಣ್ಣ ಖರ್ಚಿಗೆ ದುಡ್ಡಿಲ್ಲದೆ ಅಂತ ನನಗೆ ಖಂಡಿತ ಅನ್ನಿಸುತ್ತದೆ. ನಾವು ಟ್ರಸ್ಟಿನ ಮುಂದೆ ಒಂದು ಲೆಕ್ಕ ಇಟ್ಟೆವು. ರೋಗಿಯ ಒಂದು ನೋಂದಣಿ ಚೀಟಿಗೆ ಮೂರು ರೂಪಾಯಿ ಪಕ್ಕಕ್ಕೆ ತೆಗೆದಿಡಿ. ದಿನಕ್ಕೆ 200 ಚೀಟಿ, ವರ್ಷಕ್ಕೆ 300 ದಿನ, 1,80,000 ರೂಪಾಯಿ. ಬ್ಯಾಟರಿ, ಡಿಸ್ಕು, ಒಂದೆರಡು ಹೊಸ ಕಂಪ್ಯೂಟರು, ವರ್ಷಕ್ಕೊಮ್ಮೆ ಹೊರಗಿನವರಿಂದ ಒಂದು ತಪಾಸಣೆ, ಎಲ್ಲಕ್ಕೂ ಸಾಕು. ಚೀಟಿಯ ದರ ಏರಿಸಲಿಲ್ಲ, ಇದ್ದದ್ದರಲ್ಲೇ ತೆಗೆದರು. ಆ ಖಾತೆ ಬೇರೆಯೇ ಇದೆ, ಬೇರೆ ಖರ್ಚಿಗೆ ಮುಟ್ಟುವಂತಿಲ್ಲ.

2020ರಲ್ಲಿ ಕೊರೊನಾ ಬಂದು ನಾನು ತಿಂಗಳುಗಟ್ಟಲೆ ಹೋಗಲಾಗಲಿಲ್ಲ. ಅದೇ ವರ್ಷ ನವೆಂಬರ್ 30ಕ್ಕೆ ನಮ್ಮ ಸರ್ವರಿನಲ್ಲಿದ್ದ ಆಪರೇಟಿಂಗ್ ಸಿಸ್ಟಂ ಸೆಂಟ್‌ಒಎಸ್ 6ರ ಆಯಸ್ಸು ಮುಗಿಯುವುದಿತ್ತು, ಆಮೇಲೆ ಅದಕ್ಕೂ ಬೆಂಬಲ ಇರುತ್ತಿರಲಿಲ್ಲ. ಎಕ್ಸ್‌ಪಿ ಬಗ್ಗೆ ಅಷ್ಟು ಮರುಗಿದ ನಾವೇ ಅದೇ ದಾರಿಯಲ್ಲಿದ್ದೆವು. ಸೆಂಟ್‌ಒಎಸ್ 7ಕ್ಕೆ ಹೋಗುವ ಕೆಲಸ ಫೋನಿನಲ್ಲೇ ಆಯಿತು. ನಾನು ಹೇಳುವುದು, ಸಹಾಯಕಿ ಟೈಪ್ ಮಾಡುವುದು, ಅವರು ಪರದೆ ಓದಿ ಹೇಳುವುದು. ಮೂರು ರಾತ್ರಿ. ಅವರು ಪ್ರತಿ ಹೆಜ್ಜೆಯನ್ನೂ ಒಂದು ಗೆರೆ ಹಾಕಿದ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದುಕೊಂಡರು. ನಾನು ಇಂಗ್ಲಿಷಿನಲ್ಲಿ ಅಚ್ಚುಕಟ್ಟಾಗಿ ಬರೆದು ಕೊಟ್ಟಿದ್ದ 40 ಪುಟದ ಕೈಪಿಡಿ ಇತ್ತು. ಅದನ್ನು ಯಾರೂ ತೆರೆದಿರಲಿಲ್ಲ. ಆಮೇಲೆ ನಾನೂ ಆ ನೋಟ್‌ಬುಕ್ಕಿಗೇ ಬರೆಯಲು ಶುರು ಮಾಡಿದೆ. ಅದರ ಕೊನೆಯ ಹಾಳೆಯಲ್ಲಿ ಒಂದು ಪಟ್ಟಿ ಇದೆ: ಯಾವುದರ ಆಯಸ್ಸು ಯಾವತ್ತು ಮುಗಿಯುತ್ತದೆ. ಬ್ಯಾಟರಿಯಿಂದ ಹಿಡಿದು ಆಪರೇಟಿಂಗ್ ಸಿಸ್ಟಂವರೆಗೆ.

ಕೇಂದ್ರ ಸರ್ಕಾರದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಬಂದು, ರೋಗಿಯ ಗುರುತಿನ 14 ಅಂಕಿಯ ಆಭಾ ಸಂಖ್ಯೆ ಸೇರಿಸುವ ಕೆಲಸವೂ ಆಯಿತು. ಅದರಲ್ಲಿ ಹೇಳುವಂಥದ್ದು ಜಾಸ್ತಿ ಇಲ್ಲ. ರೋಗಗಳ ಹೆಸರನ್ನು ಮೊದಲಿಂದಲೂ ಐಸಿಡಿ-10 ಎಂಬ ಜಾಗತಿಕ ರೋಗಪಟ್ಟಿಯ ಸಂಕೇತಕ್ಕೆ ಹೊಂದಿಸಿ ಇಟ್ಟಿದ್ದರಿಂದ ತಲೆನೋವು ಕಡಿಮೆಯಾಯಿತು.

ಸೆಂಟ್‌ಒಎಸ್ 7ರ ಆಯಸ್ಸು 2024ರ ಜೂನ್ 30ಕ್ಕೆ ಮುಗಿಯಿತು. ಉಬುಂಟು 22.04 ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಂಗೆ, ಪ್ರೋಗ್ರಾಂಗಳನ್ನು ಬೇರೆಬೇರೆ ಡಬ್ಬಿಯಲ್ಲಿಟ್ಟ ಹಾಗೆ ಓಡಿಸುವ ಡಾಕರ್ ಮೇಲೆ ಓಡುವ ಹೊಸ ಬಹಮ್ನಿಗೆ ಹೋಗಬೇಕಿತ್ತು. ಮೇ ತಿಂಗಳಲ್ಲಿ ನಾನು ಸಹಾಯಕಿಗೆ ಫೋನ್ ಮಾಡಿ ಯಾವಾಗ ಬರಲಿ ಅಂತ ಕೇಳಿದೆ. ಆಗಿಹೋಯಿತು ಸಾರ್ ಅಂದರು. ವರ್ಷದ ತಪಾಸಣೆಗೆ ಬರುವ ಶಿವಮೊಗ್ಗದ ಹುಡುಗನನ್ನು ಜೊತೆಗಿಟ್ಟುಕೊಂಡು, ಮೊದಲು ಎರಡನೇ ಕಂಪ್ಯೂಟರಿನಲ್ಲಿ ಎರಡು ವಾರ ಓಡಿಸಿ ನೋಡಿ, ಒಂದು ಭಾನುವಾರ ಬದಲಾಯಿಸಿದ್ದರು.

ಜುಲೈನಲ್ಲಿ ಆ ಕಡೆ ಹೋದಾಗ ರೆಕಾರ್ಡ್ ರೂಮಿಗೆ ಹೋದೆ. ನೋಟ್‌ಬುಕ್ ಎರಡನೆಯದಾಗಿತ್ತು. ಹೊಸದರಲ್ಲಿ ನನ್ನ ಕೈಬರಹ ಒಂದು ಪುಟದಲ್ಲೂ ಇಲ್ಲ. ಹಳೆಯದನ್ನು ತಿರುವಿದೆ. ಬ್ಯಾಕಪ್ ಡಿಸ್ಕ್ ತೆಗೆಯುವುದು ಹೇಗೆ ಅಂತ ನಾನು ಬರೆದಿದ್ದ ಐದು ಹೆಜ್ಜೆಗಳಲ್ಲಿ ಮೂರನೆಯದರ ಮೇಲೆ ಒಂದು ಗೆರೆ ಎಳೆದಿತ್ತು. ಪಕ್ಕದಲ್ಲಿ ಹಸಿರು ಶಾಯಿಯಲ್ಲಿ, 'ಇದು ಬೇಡ. ಮೊದಲು ನಾಲ್ಕನೆಯದು ಮಾಡಿ' ಎಂದು ಬರೆದಿತ್ತು. ಕೂತು ಯೋಚಿಸಿದೆ. ಸರಿಯಾಗೇ ಇತ್ತು.